ಬೆರಳ ತುದಿಯಿಂದ ಹುಟ್ಟಿದ ಸದ್ದು: ಟೋನಿ ಐಯೋಮಿಯ 'ಐರನ್ ಮ್ಯಾನ್' ಮತ್ತು ಅದರ ಜೊತೆಗಿಟ್ಟು ಓದಬೇಕಾದ ಮೆಟಲ್ ಪುಸ್ತಕಗಳು

ಹೆವಿ ಮೆಟಲ್ ಸಂಗೀತಗಾರರ ಆತ್ಮಕಥೆಗಳಲ್ಲಿ ಕುಡಿತ, ಜಗಳ, ಹೋಟೆಲ್ ರೂಮಿನ ಪುಂಡಾಟ ಬೇಕಾದಷ್ಟು ಸಿಗುತ್ತದೆ. ಆ ಸದ್ದು ಎಲ್ಲಿಂದ ಬಂತು, ಕೈ ಏನು ಮಾಡಿತು, ತಂತಿ ಏನು ಮಾಡಿತು ಎಂಬ ಪುಟಗಳು ಮಾತ್ರ ಅಪರೂಪ. ಬ್ಲ್ಯಾಕ್ ಸ್ಯಾಬತ್ ತಂಡದ ಗಿಟಾರ್ ವಾದಕ ಟೋನಿ ಐಯೋಮಿ 2011ರಲ್ಲಿ ಟಿ. ಜೆ. ಲ್ಯಾಮರ್ಸ್ ಜೊತೆ ಸೇರಿ ಬರೆದ 'ಐರನ್ ಮ್ಯಾನ್' ಅನ್ನು ಮೊದಲು ಕೈಗೆತ್ತಿಕೊಳ್ಳಿ ಎಂದು ಹೇಳುವುದು ಅಂಥ ಪುಟಗಳಿಗಾಗಿ. ಇಡೀ ಪುಸ್ತಕ ಒಂದೇ ಮಟ್ಟದಲ್ಲಿಲ್ಲ. ಆದರೆ ಅದರ ಆರಂಭದ ಭಾಗದಷ್ಟು ಸ್ಪಷ್ಟವಾಗಿ ಒಂದು ಸಂಗೀತ ಪ್ರಕಾರದ ಹುಟ್ಟನ್ನು ಕೈಬೆರಳಿನ ಮಟ್ಟಕ್ಕೆ ತಂದು ತೋರಿಸಿದ ಬರಹ ಈ ಸಾಲಿನಲ್ಲಿ ಇನ್ನೊಂದಿಲ್ಲ.

ಬರ್ಮಿಂಗ್‌ಹ್ಯಾಮ್‌ನ ಆಸ್ಟನ್, 1965. ಐಯೋಮಿಗೆ 17 ವರ್ಷ. ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ, ಅಂದೇ ಕೊನೆಯ ದಿನ. ಒಂದು ತಂಡದ ಜೊತೆ ಜರ್ಮನಿಗೆ ಹೋಗುವುದು ನಿಗದಿಯಾಗಿತ್ತು. ತಗಡನ್ನು ಒತ್ತಿ ಕೊಡುತ್ತಿದ್ದ ಹೆಂಗಸು ಅಂದು ರಜೆ, ಆ ಯಂತ್ರಕ್ಕೆ ಇವರನ್ನೇ ನಿಲ್ಲಿಸಿದರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗುವುದಿಲ್ಲ ಎಂದಾಗ, ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದರು. ಯಂತ್ರ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳನ್ನು ತೆಗೆದುಕೊಂಡಿತು. ಐಯೋಮಿ ಎಡಚರು. ಹಾಗಾಗಿ ಬಲಗೈಯೇ ತಂತಿ ಒತ್ತುವ ಕೈ. ಇದನ್ನು ಮರೆತು ಓದಿದರೆ ಮುಂದಿನ ಯಾವ ಮಾತೂ ಅರ್ಥವಾಗುವುದಿಲ್ಲ.

ಕಾರ್ಖಾನೆಯ ಮೇಲ್ವಿಚಾರಕ ತಂದುಕೊಟ್ಟ ಜಾಂಗೋ ರೈನ್‌ಹಾರ್ಟ್ ರೆಕಾರ್ಡಿನ ಪ್ರಸಂಗ ಎಲ್ಲರೂ ಉಲ್ಲೇಖಿಸುವಂಥದ್ದು. 1928ರ ಬೆಂಕಿ ಅನಾಹುತದಲ್ಲಿ ಎರಡು ಬೆರಳಿನ ಬಳಕೆ ಕಳೆದುಕೊಂಡೂ ಗಿಟಾರ್ ನುಡಿಸಿದ ಜಾಝ್ ಸಂಗೀತಗಾರ ಜಾಂಗೋ. ಆದರೆ ಪುಸ್ತಕದ ನಿಜವಾದ ಬೆಲೆ ಇರುವುದು ಅದರ ನಂತರದ ಪುಟಗಳಲ್ಲಿ. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿದರು. ಕಾದ ಸೋಲ್ಡರಿಂಗ್ ಕಡ್ಡಿಯಿಂದ ಬೆರಳು ತೂರುವಷ್ಟು ತೂತು ಕೊರೆದರು. ಟೊಪ್ಪಿಗೆಯ ಆಕಾರ ಬರುವ ತನಕ ಸ್ಯಾಂಡ್‌ಪೇಪರಿನಿಂದ ಉಜ್ಜಿದರು. ಬರೀ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತದೆ, ಅದಕ್ಕೆ ಹಳೆಯ ಜಾಕೆಟ್ಟಿನ ಚರ್ಮ ಕತ್ತರಿಸಿ ಅಂಟಿಸಿದರು. ಹೊಸ ಚರ್ಮ ಮೆತ್ತಗಿದ್ದು ತಂತಿಯನ್ನು ಕಚ್ಚಿ ಹಿಡಿಯುತ್ತದೆ, ಬೆರಳು ಮುಂದೆ ಸರಿಯುವುದಿಲ್ಲ. ಹಳೆಯದಾಗಿ ಗಟ್ಟಿಯಾದ ಚರ್ಮ, ಅದೂ ತಿಕ್ಕಿ ತಿಕ್ಕಿ ನುಣುಪಾದದ್ದು ಬೇಕು. ಟೊಪ್ಪಿಗೆ ದೊಡ್ಡದಾದರೆ ಪಕ್ಕದ ತಂತಿಗೆ ತಗಲುತ್ತದೆ, ಬಿಗಿಯಾದರೆ ನೋವು. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ: ಆ ಎರಡು ಬೆರಳಿಗೆ ತಂತಿಯ ಸ್ಪರ್ಶವೇ ಗೊತ್ತಾಗದು. ಎಷ್ಟು ಒತ್ತಬೇಕು ಎಂಬುದನ್ನು ಕಿವಿಯೇ ಹೇಳಬೇಕು. ಹೆಚ್ಚು ಒತ್ತಿದರೆ ತಂತಿ ಎಳೆದು ಸ್ವರ ಏರಿಬಿಡುತ್ತದೆ.

ದಪ್ಪ ತಂತಿ ಆ ಬೆರಳಿಗೆ ಆಗದು. ಆ ಕಾಲಕ್ಕೆ ತೆಳು ತಂತಿಗಳ ಸೆಟ್ಟು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬ್ಯಾಂಜೋ ತಂತಿಗಳನ್ನು ತಂದು ಮೇಲಿನ ಸ್ಥಾಯಿಯ ತಂತಿಗಳ ಜಾಗದಲ್ಲಿ ಕಟ್ಟಿ ದಾರಿ ಮಾಡಿಕೊಂಡರು. ಅದೂ ಸಾಲದಾದಾಗ ಶ್ರುತಿಯನ್ನೇ ಇಳಿಸಿದರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಂನಲ್ಲಿ ಕೇಳಿಸುವುದು ಅದು. ಹಾರ್ಮೋನಿಯಂ ಗೊತ್ತಿರುವವರ ಮಾತಿನಲ್ಲಿ ಹೇಳುವುದಾದರೆ ಬಿಳಿ ಮೂರರಿಂದ ಕಪ್ಪು ಒಂದಕ್ಕೆ, ಅಂದರೆ ಮೂರು ಸ್ವರಸ್ಥಾನ ಕೆಳಕ್ಕೆ. ತಂತಿಯ ಬಿಗಿತ ಕಂಪನಾಂಕದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ಮೂರು ಸ್ವರಸ್ಥಾನ ಇಳಿಸಿದರೆ ಕಂಪನಾಂಕ ಶೇಕಡಾ 16ರಷ್ಟು ಇಳಿಯುತ್ತದೆ, ಬಿಗಿತ ಮಾತ್ರ ಶೇಕಡಾ 29ರಷ್ಟು! ಗಾಯದ ಬೆರಳಿಗೆ ಸಿಕ್ಕ ಆರಾಮ ಅಷ್ಟು. ಕೇಳುವವರಿಗೆ ಸಿಕ್ಕದ್ದು ಸಡಿಲ ತಂತಿಯ ಆ ಭಾರವಾದ ಗುಡುಗು. ಮುಂದೆ ಡೂಮ್, ಸ್ಲಜ್, ಸ್ಟೋನರ್ ಎಂಬ ಮೆಟಲ್ ಉಪಪ್ರಕಾರಗಳಾಗಿ ಕವಲೊಡೆದದ್ದೆಲ್ಲ ಇದೇ ಬುಡದಿಂದ.

ಇಲ್ಲಿ ಐಯೋಮಿ ವಿವರಿಸದೆ ಬಿಟ್ಟ ಎರಡು ವಿಷಯಗಳನ್ನು ಓದುಗರೇ ಜೊತೆಗಿಟ್ಟುಕೊಳ್ಳಬೇಕು. ಎರಡು ಸ್ವರದ 'ಪವರ್ ಕಾರ್ಡ್' ಅಂದರೆ ಷಡ್ಜ ಮತ್ತು ಪಂಚಮ ಮಾತ್ರ. ಅವುಗಳ ಕಂಪನಾಂಕ 2ಕ್ಕೆ 3. ಆಂಪ್ಲಿಫೈಯರ್ ಒಡೆದ ಸದ್ದು ಕೊಡುವಷ್ಟು ಏರಿಸಿದಾಗ ಇವುಗಳ ವ್ಯತ್ಯಾಸದ ಸ್ವರ, ಅಂದರೆ 1, ತಾನಾಗಿಯೇ ಹುಟ್ಟುತ್ತದೆ. ಅದು ಷಡ್ಜದ ಕೆಳಗಿನ ಸ್ಥಾಯಿಯ ಷಡ್ಜ. ಗಾಂಧಾರ ಸೇರಿಸಿದರೆ ಇಂಥ ವ್ಯತ್ಯಾಸ ಸ್ವರಗಳು ಹೆಚ್ಚಾಗಿ ಕಲಸಿಹೋಗುತ್ತವೆ. ಎರಡು ಬೆರಳಿಗೆ ಸುಲಭವಾದ ಹಿಡಿತವೇ ಒಡೆದ ಸದ್ದಿಗೂ ಒಪ್ಪಿತು. ಎರಡನೆಯದು, ತಂಡದ ಹೆಸರಿನದೇ ಆದ ಮೊದಲ ಹಾಡಿನ ಮೂರು ಸ್ವರ. ಕೆಳಗಿನ ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮಕ್ಕೆ ಬಂದು ಅಲ್ಲೇ ನಡುಗುತ್ತ ನಿಲ್ಲುವುದು. ಕಲ್ಯಾಣಿಯಲ್ಲಿ ಪಂಚಮದ ಕಡೆ ಒಲಿಯುವ ಅದೇ ಸ್ವರ ಇಲ್ಲಿ ಎಲ್ಲಿಗೂ ಹೋಗುವುದಿಲ್ಲ. ಹೆದರಿಕೆ ಹುಟ್ಟುವುದು ಆ ನಿಲುಗಡೆಯಿಂದ. ಪುಸ್ತಕ ಓದುವಾಗ ಈ ಹಾಡನ್ನೂ 'ಮಾಸ್ಟರ್ ಆಫ್ ರಿಯಾಲಿಟಿ'ಯ 'ಇನ್‌ಟು ದ ವಾಯ್ಡ್' ಹಾಡನ್ನೂ ಬೆನ್ನಿಗೆ ಬೆನ್ನು ಕೇಳಿ. ಶ್ರುತಿ ಇಳಿದದ್ದು ಯಾವ ವಿವರಣೆಯೂ ಇಲ್ಲದೆ ಕಿವಿಗೆ ಬೀಳುತ್ತದೆ.

ಮೊದಲ ಆಲ್ಬಂನ ಭಾಗವೂ ಚೆನ್ನಾಗಿದೆ. 1969ರ ಅಕ್ಟೋಬರ್‌ನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಧ್ವನಿಮುದ್ರಣ. ಒಂದು ಹಾಡು ಮುಗಿಯುವಷ್ಟರಲ್ಲಿ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಕೆಟ್ಟು, ಬದಲಿಗೆ ಇಟ್ಟುಕೊಂಡಿದ್ದ ಗಿಬ್ಸನ್ ಎಸ್‌ಜಿ ಎತ್ತಿಕೊಂಡರು. ಮುಂದೆ ಜೀವಮಾನವಿಡೀ ಐಯೋಮಿ ಹೆಸರಿನ ಜೊತೆ ಅಂಟಿಕೊಂಡದ್ದು ಆ ಎಸ್‌ಜಿ ಆಕಾರವೇ. ಆಲ್ಬಂ 1970ರ ಫೆಬ್ರುವರಿ 13, ಶುಕ್ರವಾರ ಹೊರಬಂತು.

ಆಮೇಲೆ ಪುಸ್ತಕ ತೆಳುವಾಗುತ್ತದೆ. ಅಧ್ಯಾಯಗಳು ಮೊದಲಿನಿಂದಲೂ ಚಿಕ್ಕವೇ. ಎಂಬತ್ತರ ದಶಕಕ್ಕೆ ಬರುವ ಹೊತ್ತಿಗೆ ಗಾಯಕರು ಬಂದರು, ಡ್ರಮ್ಮರ್‌ಗಳು ಹೋದರು ಎಂಬ ಹಾಜರಿ ಪುಸ್ತಕದಂತಾಗುತ್ತದೆ. ಟೋನಿ ಮಾರ್ಟಿನ್ ಹಾಡಿದ ವರ್ಷಗಳಲ್ಲಿ ಒಳ್ಳೆಯ ರಿಫ್‌ಗಳು, ಅಂದರೆ ಮರಳಿ ಮರಳಿ ಬರುವ ಚಿಕ್ಕ ಗಿಟಾರ್ ವರಸೆಗಳು, ಹಲವಿವೆ. ಅವು ಹೇಗೆ ಹುಟ್ಟಿದವು ಎಂದು ಇನ್ನೂ ಹತ್ತು ಪುಟ ಬರೆದಿದ್ದರೆ ಎಷ್ಟು ಚೆನ್ನಿತ್ತು. ಡ್ರಮ್ಮರ್ ಬಿಲ್ ವಾರ್ಡ್‌ಗೆ ತಮಾಷೆಗೆಂದು ಬೆಂಕಿ ಹಚ್ಚಿ, ಅವರು ಗಂಭೀರವಾಗಿ ಸುಟ್ಟುಕೊಂಡ ಪ್ರಸಂಗವನ್ನು ಕೀಟಲೆಯ ಧಾಟಿಯಲ್ಲೇ ಹೇಳಿರುವುದು ಓದಲು ಕಷ್ಟ. ಸ್ನೇಹಿತನ ಮೈ ಸುಟ್ಟ ಕಥೆಗೆ ಅಷ್ಟು ಹಗುರ ಭಾಷೆ ಸಲ್ಲದು. ಇನ್ನೊಂದು ಮಿತಿ ಕಾಲದ್ದು. 2012ರಲ್ಲಿ ತಿಳಿದುಬಂದ ಕ್ಯಾನ್ಸರ್, 2017ರ ಫೆಬ್ರುವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮುಗಿದ ವಿದಾಯ ಪ್ರವಾಸ, 2025ರ ಜುಲೈ 5ರಂದು ಅದೇ ಊರಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದ ಕಛೇರಿ, ಅದಾಗಿ 17 ದಿನಕ್ಕೆ ತಂಡದ ಗಾಯಕ ಓಜಿ ಆಸ್ಬರ್ನ್ ತೀರಿಕೊಂಡದ್ದು, ಇವೆಲ್ಲ 2011ರ ಪುಸ್ತಕದ ಆಚೆಗಿನವು.

ಐಯೋಮಿ ಹೇಳದ ಮಗ್ಗುಲುಗಳಿಗಾಗಿ ಅದೇ ಬೀದಿಗಳ ಇನ್ನಿಬ್ಬರನ್ನು ಓದಬೇಕು. ಬಾಸ್ ವಾದಕ ಗೀಝರ್ ಬಟ್ಲರ್ 2023ರಲ್ಲಿ ಬರೆದ 'ಇನ್‌ಟು ದ ವಾಯ್ಡ್', ಓಜಿ ಅವರ 'ಐ ಆಮ್ ಓಜಿ'. ಗೀಝರ್ ತಂಡದ ಬಹುಪಾಲು ಸಾಹಿತ್ಯ ಬರೆದವರು. ಐರಿಷ್ ಕ್ಯಾಥೊಲಿಕ್ ಮನೆಯ ಭಯ ಭಕ್ತಿ ಹಾಡಿಗೆ ಹೇಗೆ ಇಳಿಯಿತೆಂದು ಅವರಿಂದಲೇ ತಿಳಿಯಬೇಕು. ಓಜಿ ಪುಸ್ತಕ ನಗಿಸುತ್ತ ಓದಿಸಿಕೊಳ್ಳುತ್ತದೆ. ಆದರೆ ಕಾರಿನ ಹಾರ್ನ್‌ಗಳನ್ನು ಶ್ರುತಿ ಮಾಡುವ ಕೆಲಸ, ಆಮೇಲೆ ಕಸಾಯಿಖಾನೆ, ಆಮೇಲೆ ಜೈಲು ಎಂಬ ಆರಂಭದ ಪುಟಗಳಲ್ಲಿ ಒಂದು ಕೈಗಾರಿಕಾ ಊರಿನ ಹುಡುಗರ ಮುಂದೆ ಇದ್ದ ದಾರಿಗಳೆಷ್ಟು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಒಂದೇ ಘಟನೆಯನ್ನು ಈ ಮೂವರೂ ಬೇರೆ ಬೇರೆ ರೀತಿ ಹೇಳಿದಾಗ ಯಾರನ್ನು ನಂಬಬೇಕು? 1983ರ ಪ್ರವಾಸಕ್ಕೆ, ಇಂಗ್ಲೆಂಡಿನ ಪ್ರಾಚೀನ ಕಲ್ಲುವೃತ್ತ ಸ್ಟೋನ್‌ಹೆಂಜ್ ಮಾದರಿಯಲ್ಲಿ ಮಾಡಿಸಿದ ವೇದಿಕೆಯನ್ನೇ ನೋಡಿ. ಅಡಿಯಲ್ಲಿರಬೇಕಾದ ಅಳತೆ ಮೀಟರಿಗೆ ಹೋಗಿ, ಬಹುತೇಕ ಸಭಾಂಗಣಗಳಲ್ಲಿ ಹಿಡಿಸದಷ್ಟು ದೊಡ್ಡ ಕಲ್ಲುಗಳಾದವು ಎಂಬ ಕಥೆ ಪ್ರಸಿದ್ಧ. ತಪ್ಪು ಯಾರದು ಎಂಬುದು ಹೇಳುವವರಿಗೆ ತಕ್ಕಂತೆ ಬದಲಾಗುತ್ತದೆ. ಇಂಥ ಕಡೆ ಒಂದು ಪದ್ಧತಿ ಇಟ್ಟುಕೊಳ್ಳಬಹುದು. ಆಲ್ಬಂ ಬಿಡುಗಡೆಯ ದಿನಾಂಕಗಳನ್ನೂ ತಂಡದಲ್ಲಿ ಯಾರು ಯಾವಾಗ ಇದ್ದರೆಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗಿಡಿ. ವಾದ್ಯ, ಶ್ರುತಿ, ಧ್ವನಿಮುದ್ರಣದ ಮಾತಿಗೆ ಆ ವಾದ್ಯ ನುಡಿಸಿದವರನ್ನು ನಂಬಿ. ಹಣ ಮತ್ತು ಜಗಳದ ಮಾತಿಗೆ ಕನಿಷ್ಠ ಇಬ್ಬರನ್ನು ಓದುವ ತನಕ ತೀರ್ಮಾನ ಬೇಡ. ಸಂಭಾಷಣೆಗಳನ್ನು ಅಕ್ಷರಶಃ ತೆಗೆದುಕೊಳ್ಳಲೇಬೇಡಿ. ನಲವತ್ತು ವರ್ಷದ ಹಿಂದಿನ ಮಾತು ಯಾರಿಗೂ ಪದ ಪದವಾಗಿ ನೆನಪಿರುವುದಿಲ್ಲ. ಸಹಲೇಖಕರು ಟೇಪಿನಿಂದ ಎತ್ತಿ ಹೊಂದಿಸಿದ ಮಾತುಗಳವು.

ಎರಡು ಕಡೆಯ ಓದು ಅತ್ಯಗತ್ಯವಾಗುವುದು ಅದೇ ಸೀಮೆಯ ಇನ್ನೊಂದು ಮೆಟಲ್ ತಂಡ ಜೂಡಾಸ್ ಪ್ರೀಸ್ಟ್ ವಿಷಯದಲ್ಲಿ. 2011ರಲ್ಲಿ ತಂಡ ಬಿಟ್ಟ ಗಿಟಾರ್ ವಾದಕ ಕೆ. ಕೆ. ಡೌನಿಂಗ್ 2018ರಲ್ಲಿ 'ಹೆವಿ ಡ್ಯೂಟಿ' ಬರೆದರು, ಅಸಮಾಧಾನದ ಪುಸ್ತಕವದು. ಗಾಯಕ ರಾಬ್ ಹ್ಯಾಲ್ಫರ್ಡ್ ಇಯಾನ್ ಗಿಟಿನ್ಸ್ ಜೊತೆ 2020ರಲ್ಲಿ ಬರೆದದ್ದು 'ಕನ್ಫೆಸ್'. ಬರವಣಿಗೆಯಾಗಿ ನೋಡಿದರೆ ಇಲ್ಲಿ ಹೆಸರಿಸಿದ ಎಲ್ಲದರಲ್ಲಿ ಇದೇ ಉತ್ತಮ. ವಾಲ್ಸಾಲ್‌ನ ಎರಕದ ಕಾರ್ಖಾನೆಯ ಹೊಗೆಯ ನಡುವೆ ಶಾಲೆಗೆ ನಡೆದ ಹುಡುಗ, ತಾನು ಸಲಿಂಗಿ ಎಂಬುದನ್ನು 1998ರಲ್ಲಿ ಎಂಟಿವಿ ಸಂದರ್ಶನದಲ್ಲಿ ಹೇಳುವ ತನಕ ಬಚ್ಚಿಟ್ಟುಕೊಂಡ ಒಂಟಿತನವನ್ನು ಒಂದಿಷ್ಟೂ ಬಣ್ಣ ಬಳಿಯದೆ ಹೇಳುತ್ತಾರೆ. 1986ರ ಜನವರಿಯಲ್ಲಿ ಕುಡಿತ ಬಿಟ್ಟ ಭಾಗವೂ ಹಾಗೆಯೇ. 1990ರಲ್ಲಿ ಅಮೆರಿಕದ ರೀನೋದಲ್ಲಿ ನಡೆದ ಮೊಕದ್ದಮೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಹಾಡಿನೊಳಗೆ ಗುಪ್ತ ಆದೇಶ ಅಡಗಿಸಿದ್ದಾರೆ ಎಂಬ ಆರೋಪಕ್ಕೆ ಉತ್ತರವಾಗಿ, ತಮ್ಮದೇ ಹಾಡನ್ನು ಹಿಂದುಮುಂದಾಗಿ ನುಡಿಸಿ, ಮುರಿದ ಕುರ್ಚಿಯ ಬಗ್ಗೆ ಮಾತು ಕೇಳಿಸುವುದನ್ನು ನ್ಯಾಯಾಲಯದಲ್ಲೇ ತೋರಿಸಿದರು. ಹುಡುಕುವ ಕಿವಿಗೆ ಯಾವ ಸದ್ದಿನಲ್ಲೂ ಮಾತು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ. ತೀರ್ಪು ತಂಡದ ಪರ ಬಂತು.

ಐರನ್ ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್ ಅವರ 'ವಾಟ್ ಡಸ್ ದಿಸ್ ಬಟನ್ ಡು?' (2017) ಬೇರೆಯೇ ಜಾತಿ. ಮದುವೆ, ಮಕ್ಕಳು, ವಿಚ್ಛೇದನ ಯಾವುದೂ ಇರುವುದಿಲ್ಲವೆಂದು ಅವರೇ ನಿರ್ಧರಿಸಿ ಬರೆದದ್ದು. ವಿಮಾನ ಹಾರಾಟ ಮತ್ತು ಕತ್ತಿವರಸೆಯ ಪುಟಗಳು ಉದ್ದವಾದವು. ಮುತ್ತಿಗೆಯಲ್ಲಿದ್ದ ಸರಾಯೆವೊದಲ್ಲಿ 1994ರ ಡಿಸೆಂಬರ್‌ನಲ್ಲಿ ನಡೆಸಿದ ಕಛೇರಿ, ಮತ್ತು ನಾಲಿಗೆ ಬುಡದ ಕ್ಯಾನ್ಸರಿಗೆ ಪಡೆದ 33 ಸಲದ ವಿಕಿರಣ ಚಿಕಿತ್ಸೆ, ಈ ಎರಡಕ್ಕಾಗಿಯೇ ಕೊಳ್ಳಬಹುದು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಆ ಗಂಟಲನ್ನು ಕೇಳಿದವರಿಗೆ ಚಿಕಿತ್ಸೆಯ ಪುಟಗಳು ಇನ್ನಷ್ಟು ತಟ್ಟುತ್ತವೆ. ಆಡಿಯೋ ಪುಸ್ತಕವನ್ನು ಅವರೇ ಓದಿದ್ದಾರೆ. ಮುದ್ರಿತ ಪ್ರತಿಗಿಂತ ಅದೇ ಮೇಲು.

ಇಡೀ ಪ್ರಕಾರದ ನಕ್ಷೆ ಬೇಕಾದವರಿಗೆ ಇಯಾನ್ ಕ್ರೈಸ್ಟ್ 2003ರಲ್ಲಿ ಬರೆದ 'ಸೌಂಡ್ ಆಫ್ ದ ಬೀಸ್ಟ್' ಸಾಕು. ಥ್ರ್ಯಾಶ್, ಡೆತ್, ಬ್ಲ್ಯಾಕ್ ಮೆಟಲ್ ಯಾವುದರಿಂದ ಯಾವುದು ಬಂತು ಎಂಬುದು ಕ್ರಮವಾಗಿ ಸಿಗುತ್ತದೆ. 2003ರ ನಂತರದ್ದು ಇಲ್ಲ. ಸಂಗೀತಶಾಸ್ತ್ರದ ಕಣ್ಣಿಂದ ನೋಡುವವರಿಗೆ ರಾಬರ್ಟ್ ವಾಲ್ಸರ್ ಅವರ 1993ರ 'ರನ್ನಿಂಗ್ ವಿತ್ ದ ಡೆವಿಲ್'. ಬಾಖ್, ವಿವಾಲ್ಡಿಯಿಂದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತನಕದ ಎಳೆಯನ್ನು ಸ್ವರಲಿಪಿ ಇಟ್ಟುಕೊಂಡು ಬಿಡಿಸುತ್ತದೆ. ಪಾಶ್ಚಾತ್ಯ ಸ್ವರಲಿಪಿ ಬಾರದಿದ್ದರೆ ಅರ್ಧ ಪುಸ್ತಕ ಕೈಗೆ ಸಿಗದು.

ಕೊಳ್ಳುವಾಗ: 'ಐರನ್ ಮ್ಯಾನ್' ಹೆಸರಿನಲ್ಲಿ ಕಾಮಿಕ್ಸ್ ಪುಸ್ತಕಗಳು ಬೇಕಾದಷ್ಟಿವೆ, ಹುಡುಕುವಾಗ ಐಯೋಮಿ ಹೆಸರು ಸೇರಿಸಿ. 'ಇನ್‌ಟು ದ ವಾಯ್ಡ್' ಕೂಡ ಹಾಗೆಯೇ, ಬಟ್ಲರ್ ಹೆಸರು ಬೇಕು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಂಥ ಕಡೆ ಹಳೆಯ ಪ್ರತಿ ಕೊಳ್ಳುವುದಾದರೆ ಮಧ್ಯದ ಫೋಟೋ ಪುಟಗಳು ಬಿಚ್ಚಿಕೊಂಡಿವೆಯೇ ನೋಡಿ. ಬೆನ್ನಿನ ಅಂಟು ಮೊದಲು ಒಣಗುವುದು ಅಲ್ಲೇ. ಓಜಿ ಮತ್ತು ಹ್ಯಾಲ್ಫರ್ಡ್ ಪುಸ್ತಕಗಳಲ್ಲಿ ಬರ್ಮಿಂಗ್‌ಹ್ಯಾಮ್ ಸೀಮೆಯ ಆಡುಮಾತು, ಬೈಗುಳ ಹೆಚ್ಚು. ಇಂಗ್ಲಿಷ್ ಓದು ಹೊಸದಾಗಿದ್ದರೆ ಮೊದಲು ಐಯೋಮಿ, ಆಮೇಲೆ ಗೀಝರ್. ಅವರ ವಾಕ್ಯಗಳು ಚಿಕ್ಕವು, ನೇರವಾದವು.