ಎರಡು ಮಳೆಗಾಲ ಕಂಡ ನಮ್ಮ ಹೋಂಸ್ಟೇ ಫೋನ್

ಮೂಡಿಗೆರೆ ಹತ್ತಿರ ನಮ್ಮದೊಂದು ಪುಟ್ಟ ಹೋಂಸ್ಟೇ. ಬುಕಿಂಗ್‌ಗೆಂದು ಇಂಟರ್ನೆಟ್ ಫೋನ್ ನಂಬರ್ ತೆಗೆದುಕೊಂಡು ಎರಡು ಮಳೆಗಾಲ ಆಯಿತು. ಕಂಪನಿ ಹೆಸರು ಬೇಡ ಬಿಡಿ.

ಏರ್ಪಾಡು ಇಷ್ಟೇ. ಬಂದ ಕರೆ ಮೊದಲು ಫೈಬರ್‌ಗೆ ಹಾಕಿದ ಗೇಟ್‌ವೇಗೆ (ಇಂಟರ್ನೆಟ್ ಕರೆಯನ್ನು ಮನೆಯ ಫೋನಿಗೆ ಜೋಡಿಸುವ ಪೆಟ್ಟಿಗೆ) ಹೋಗಬೇಕು. ಅದು ಸಿಗದಿದ್ದರೆ 4ಜಿ ರೂಟರ್‌ಗೆ ಹಾಕಿದ ಇನ್ನೊಂದು ಗೇಟ್‌ವೇಗೆ. ಅದೂ ಕೈಕೊಟ್ಟರೆ ನನ್ನ ಮೊಬೈಲಿಗೆ. ಸರದಿಯನ್ನು 10, 20, 30 ಅಂತ ನಾವೇ ಹಾಕಬೇಕು. ಚಿಕ್ಕ ಅಂಕಿ ಮೊದಲು. ನಾನು ತಿರುಗಾಮುರುಗಾ ಹಾಕಿ, ಒಂದು ವಾರ ಎಲ್ಲ ಕರೆಯೂ ಮೊಬೈಲಿಗೇ ಬಂದು, ಸುಮ್ನೆ ದುಡ್ಡು ಕಳೆದುಕೊಂಡೆ.

ಬೇಸಿಗೆಯಲ್ಲಿ ಒಂದು ದೂರೂ ಇರಲಿಲ್ಲ. ಆರಿದ್ರಾ ಮಳೆಗೆ ಸಿಲ್ವರ್ ಓಕ್ ಮರ ಬಿದ್ದು ಫೈಬರ್ ತುಂಡಾಯಿತು. ಕರೆ ತಾನಾಗಿ 4ಜಿಗೆ ಬರಬೇಕಿತ್ತು, ಅಲ್ವಾ? "ಅರ್ಧ ನಿಮಿಷ ರಿಂಗೇ ಕೇಳಿಸಲಿಲ್ಲ, ಕಟ್ ಮಾಡಿದೆ" ಎಂದು ಬೆಂಗಳೂರಿನ ಅತಿಥಿಯೊಬ್ಬರು ವಾಟ್ಸಾಪ್ ಮಾಡಿದರು.

ಆಗಿದ್ದೇನೆಂದರೆ, ಗೇಟ್‌ವೇ ಒಮ್ಮೆ ಕಂಪನಿಯ ಸರ್ವರ್‌ನಲ್ಲಿ "ನಾನಿದ್ದೇನೆ" ಎಂದು ನೋಂದಾಯಿಸಿದರೆ 3600 ಸೆಕೆಂಡ್ ಅದೇ ಲೆಕ್ಕ. ತಂತಿ ಹೋದದ್ದು ಸರ್ವರ್‌ಗೆ ಗೊತ್ತೇ ಇಲ್ಲ. ಸತ್ತ ಗೇಟ್‌ವೇಗೆ ಕರೆ ಕಳಿಸಿ 32 ಸೆಕೆಂಡ್ ಕಾಯುತ್ತಿತ್ತು. ಇಂಟರ್ನೆಟ್ ಕರೆ ಜೋಡಿಸುವ ಸಿಪ್ ಪದ್ಧತಿಯಲ್ಲಿ ಮಾಮೂಲಿಯಾಗಿ ಕಾಯುವುದೇ ಅಷ್ಟು. 4ಜಿಗೆ ಸರದಿ ಬರುವಷ್ಟರಲ್ಲಿ ಕರೆ ಮಾಡಿದವರು ಬೇರೆ ಹೋಂಸ್ಟೇ ಹುಡುಕಿಕೊಂಡಿರುತ್ತಾರೆ.

ಸಹಾಯವಾಣಿಯವರು ಮೂರು ಸಲ "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂದರು. ನಾಲ್ಕನೇ ಸಲ ಸಿಕ್ಕ ಹುಡುಗಿಗೆ ವಿಷಯ ಗೊತ್ತಿತ್ತು. ನೋಂದಣಿ 120 ಸೆಕೆಂಡಿಗೆ ಇಳಿಸಿದಳು. ಸರ್ವರೇ 30 ಸೆಕೆಂಡಿಗೊಮ್ಮೆ "ಇದ್ದೀಯಾ?" ಎಂದು ಗೇಟ್‌ವೇಯನ್ನು ವಿಚಾರಿಸುವಂತೆ ಮಾಡಿದಳು. ಕಾಯುವ ಹೊತ್ತು ಈಗ 4 ಸೆಕೆಂಡ್. ಇದನ್ನು ಮೊದಲ ದಿನವೇ ಮಾಡಿಕೊಡಲು ಅವರಿಗೇನು ಧಾಡಿ?

4ಜಿ ಕಡೆಗೆ ದನಿಯನ್ನು ಕುಗ್ಗಿಸಿ ಕಳಿಸುವ ಜಿ.729 ಕೋಡೆಕ್ ಹಾಕಿದ್ದೇನೆ. ಕುಗ್ಗಿಸದ ಜಿ.711 ಕೋಡೆಕ್‌ಗೆ ಒಂದು ಕಡೆಗೆ ಸುಮಾರು 87 ಕೆಬಿಪಿಎಸ್ ಇಂಟರ್ನೆಟ್ ವೇಗ ಬೇಕು, ಇದಕ್ಕೆ 31 ಸಾಕು. ದನಿ ಸ್ವಲ್ಪ ಡಬ್ಬಿಯೊಳಗಿನಿಂದ ಬಂದ ಹಾಗಿರುತ್ತದೆ, ಪರವಾಗಿಲ್ಲ. ಬ್ಯುಸಿ ಇದ್ದರೆ ಮಾತ್ರ ಈಗಲೂ ಕಿರಿಕಿರಿ. ಅಮ್ಮ ಫೋನಿನಲ್ಲಿದ್ದರೂ, ಗೇಟ್‌ವೇ ಕೆಟ್ಟಿದೆ ಎಂದುಕೊಂಡು ಸರ್ವರ್ ಕರೆಯನ್ನು ಮುಂದಕ್ಕೆ ತಳ್ಳುತ್ತದೆ. ಅದನ್ನು ನಿಲ್ಲಿಸುವ ಗುಂಡಿಯೇ ಇಲ್ಲ.

ಈ ಸಲ ಪುಷ್ಯ ಮಳೆಯಲ್ಲಿ ಮೂರು ದಿನ ಕರೆಂಟ್ ಇಲ್ಲ. ಫೈಬರ್ ಹೋಯಿತು, ಟವರ್ ಹೋಯಿತು, ಟವರ್ ಜೊತೆ ನನ್ನ ಮೊಬೈಲೂ ಹೋಯಿತು. ಮೂರು ದಾರಿ ಇಟ್ಟುಕೊಂಡೂ ಮೂರೂ ಒಂದೇ ಊರಲ್ಲಿ! ಈಗ 30ನೇ ಅಂಕಿಗೆ ಹಾಸನದಲ್ಲಿರುವ ಅಕ್ಕನ ನಂಬರ್ ಹಾಕಿದ್ದೇನೆ. ಅವಳೇ ಬುಕಿಂಗ್ ಬರೆದಿಡುತ್ತಾಳೆ. ರೂಮಿಗೆ ನಮಗಿಂತ ನೂರು ರೂಪಾಯಿ ಜಾಸ್ತಿ ಹೇಳುತ್ತಾಳೆ, ಜನ ಒಪ್ಪುತ್ತಲೂ ಇದ್ದಾರೆ.