ಹೆಸರು ಬದಲಿಸಿದ ಫೈಲಿನ ಮೂಲ ಹೇಳುವ ಹ್ಯಾಶ್‌ಲುಕಪ್: ದೀರ್ಘ ಬಳಕೆಯ ಅನುಭವ

ಪೀಣ್ಯದ ಸಣ್ಣ ಕಾರ್ಖಾನೆಗಳು, ಜಯನಗರದ ಕೆಲವು ಕ್ಲಿನಿಕ್‌ಗಳು, ಇವುಗಳ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಾವುದಾದರೂ ಸರ್ವರ್ ಮೇಲೆ ಅನುಮಾನ ಬಂದರೆ ಮೊದಲು ಎದುರಾಗುವುದು ಲಕ್ಷಗಟ್ಟಲೆ ಫೈಲ್‌ಗಳ ರಾಶಿ. ಬಹುಪಾಲು ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ವಿತರಣೆಗಳು ಕೊಟ್ಟವೇ ಆಗಿರುತ್ತವೆ. ಅವನ್ನು ಬದಿಗೆ ಸರಿಸಿದ ಮೇಲಷ್ಟೇ ನೋಡಬೇಕಾದದ್ದು ಕಣ್ಣಿಗೆ ಬೀಳುತ್ತದೆ. ಇದಕ್ಕಾಗಿ ಕೆಲವು ವರ್ಷಗಳಿಂದ ಲಕ್ಸೆಂಬರ್ಗ್‌ನ ಸೈಬರ್ ಸುರಕ್ಷಾ ಕೇಂದ್ರ ಸಿಐಆರ್‌ಸಿಎಲ್ ನಡೆಸುವ ಹ್ಯಾಶ್‌ಲುಕಪ್ ಸೇವೆಯನ್ನು ಬಳಸುತ್ತಿದ್ದೇನೆ. ಶುಲ್ಕವಿಲ್ಲ, ಖಾತೆ ತೆರೆಯುವ ಗೊಡವೆಯೂ ಇಲ್ಲ.

ಫೈಲನ್ನು ಕಳುಹಿಸಬೇಕಾಗಿಲ್ಲ. ಅದರ ಎಂಡಿ5, ಎಸ್‌ಎಚ್‌ಎ-1 ಅಥವಾ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲಿನ ಒಳಗಿನದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ಕೊಟ್ಟರೆ ಸಾಕು. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಎನ್‌ಎಸ್‌ಆರ್‌ಎಲ್ ಎಂಬ ಪರಿಚಿತ ತಂತ್ರಾಂಶಗಳ ಸಂಗ್ರಹ, ಲಿನಕ್ಸ್ ವಿತರಣೆಗಳ ಪ್ಯಾಕೇಜ್‌ಗಳು (ತಂತ್ರಾಂಶದ ಕಟ್ಟುಗಳು) ಇವೆಲ್ಲದರಿಂದ ಕೂಡಿಸಿದ ದತ್ತಸಂಚಯದಲ್ಲಿ ಹುಡುಕಿ ಫೈಲಿನ ಮೂಲ ಹೆಸರು, ಗಾತ್ರ, ಪ್ಯಾಕೇಜ್, ಆವೃತ್ತಿಗಳನ್ನು ತಿಳಿಸುತ್ತದೆ.

ಒಮ್ಮೆ ಒಂದು ಕಾರ್ಖಾನೆಯ ಸರ್ವರ್‌ನಲ್ಲಿ ‘ಬ್ಯಾಕಪ್’ ಎಂಬ ಹೆಸರಿನ ಪ್ರೋಗ್ರಾಂ ಕಂಡಿತು. ಅಲ್ಲಿನವರು ನಿಜವಾಗಿಯೂ ಬ್ಯಾಕಪ್ ತಂತ್ರಾಂಶವೆಂದೇ ನಂಬಿದ್ದರು. ಹ್ಯಾಶ್ ಕೊಟ್ಟಾಗ ಬಂದ ಉತ್ತರ: ಉಬುಂಟುವಿನ ನೆಟ್‌ಕ್ಯಾಟ್ ಪ್ಯಾಕೇಜಿನ ಫೈಲ್. ನೆಟ್‌ಕ್ಯಾಟ್ ಎಂದರೆ ಜಾಲದ ಮೂಲಕ ಒಂದು ಯಂತ್ರವನ್ನು ಇನ್ನೊಂದಕ್ಕೆ ಜೋಡಿಸುವ ಸಾಧನ. ಹೆಸರು ಬದಲಿಸಿದರೂ ಒಳಗಿನ ಒಂದು ಬೈಟ್ ಕೂಡ ಬದಲಾಗಿರಲಿಲ್ಲ, ಹಾಗಾಗಿ ಹ್ಯಾಶ್ ಕೂಡ ಅದೇ. ಹಿಂದೆ ನಿರ್ವಹಣೆ ಮಾಡುತ್ತಿದ್ದವರು ಹೊರಗಿನಿಂದ ಒಳಬರಲು ಅದನ್ನು ಇಟ್ಟುಹೋಗಿದ್ದರು.

ಈ ಪ್ರಸಂಗದಲ್ಲೇ ಸೇವೆಯ ಶಕ್ತಿಯೂ ಇದೆ, ಮಿತಿಯೂ ಇದೆ. ನೆಟ್‌ಕ್ಯಾಟ್ ಪರಿಚಿತ ತಂತ್ರಾಂಶ, ಅದರಲ್ಲಿ ಯಾವ ಕೇಡೂ ಇಲ್ಲ. ಅದು ಆ ಜಾಗದಲ್ಲಿ ಏಕಿದೆ ಎಂಬುದನ್ನು ಹ್ಯಾಶ್ ಹೇಳಲಾರದು. ಪರಿಚಿತ ಎಂದ ಕೂಡಲೇ ಸುರಕ್ಷಿತ ಎಂದು ಗುರುತು ಹಾಕುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಹಿಂಬಾಗಿಲನ್ನೇ ನೋಡಿ, ಅಂದರೆ ಫೈಲ್ ಕುಗ್ಗಿಸುವ ಆ ತಂತ್ರಾಂಶದಲ್ಲಿ ಗುಟ್ಟಾಗಿ ಅಡಗಿಸಿದ್ದ ಒಳನುಗ್ಗುವ ದಾರಿ. ಅದಿದ್ದ 5.6.0 ಮತ್ತು 5.6.1 ಆವೃತ್ತಿಗಳು ಡೆಬಿಯನ್‌ನ ಅಸ್ಥಿರ ಶಾಖೆಗೆ ಅಧಿಕೃತ ಪ್ಯಾಕೇಜ್ ಆಗಿಯೇ ಬಂದಿದ್ದವು. ‘ಇದು ಡೆಬಿಯನ್ ಪ್ಯಾಕೇಜಿನ ಫೈಲ್’ ಎಂಬ ಉತ್ತರ ಅಂಥ ಫೈಲಿನ ಮಟ್ಟಿಗೂ ಸತ್ಯವೇ. ಉತ್ತರದ ಜೊತೆಗೆ ಬರುವ ನಂಬಿಕೆಯ ಅಂಕವನ್ನೂ ನಾನು ಸುಳಿವಾಗಿ ಮಾತ್ರ ನೋಡುತ್ತೇನೆ.

ಸ್ಥಾಪಿಸಿದ ಫೈಲ್‌ಗಳು ಬದಲಾಗಿವೆಯೇ ಎಂದು ನೋಡುವ, ಡೆಬಿಯನ್ ಮತ್ತು ಉಬುಂಟುವಿನದೇ ಆದ ಡಿಪಿಕೆಜಿ ತಪಾಸಣೆಯೇ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಅದು ಹೋಲಿಸುವ ಎಂಡಿ5 ಪಟ್ಟಿ ಅದೇ ಯಂತ್ರದ ಡಿಸ್ಕ್‌ನಲ್ಲಿರುತ್ತದೆ. ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲೆ ಪೂರ್ಣ ಹಿಡಿತ, ದಕ್ಕಿಸಿಕೊಂಡವನು ಫೈಲಿನ ಜೊತೆಗೆ ಪಟ್ಟಿಯನ್ನೂ ತಿದ್ದಬಲ್ಲ. ಸಾಕ್ಷಿ ಹೊರಗಿನಿಂದ ಬರಬೇಕು. ಅನುಮಾನದ ಡಿಸ್ಕ್ ಅನ್ನು ಬೇರೆ ಯಂತ್ರಕ್ಕೆ ಜೋಡಿಸಿ ಅಲ್ಲಿಂದಲೇ ಹ್ಯಾಶ್ ಲೆಕ್ಕ ಹಾಕುವುದು ಕೂಡ ಇದಕ್ಕಾಗಿಯೇ.

‘ಸಿಗಲಿಲ್ಲ’ ಎಂಬ ಉತ್ತರಕ್ಕೆ ಹೆದರಬೇಕಿಲ್ಲ. ಸೆಟ್ಟಿಂಗ್ ಬದಲಿಸಿದ ಫೈಲ್‌ಗಳು, ಪ್ಯಾಕೇಜ್ ಸ್ಥಾಪಿಸುವ ಹೊತ್ತಿನಲ್ಲಿ ಯಂತ್ರದಲ್ಲೇ ಹುಟ್ಟುವ ಪೈಥಾನ್‌ನ ಪಿವೈಸಿ ಫೈಲ್‌ಗಳು ಪ್ಯಾಕೇಜಿನೊಳಗೆ ಇರುವುದೇ ಇಲ್ಲ. ಇವನ್ನು ಸೋಸಲು ಪ್ರತ್ಯೇಕ ಶ್ರಮ ಬೇಕು, ನನ್ನ ಹೆಚ್ಚಿನ ಸಮಯ ಹೋಗುವುದೂ ಇಲ್ಲೇ.

ಕ್ಲಿನಿಕ್‌ಗಳ ವಿಷಯದಲ್ಲಿ ಹ್ಯಾಶ್‌ಗಳನ್ನು ಕೂಡ ಹೊರಗೆ ಕಳುಹಿಸಲು ಮನಸ್ಸಿಲ್ಲ. ಅದಕ್ಕೆ ಸಿಐಆರ್‌ಸಿಎಲ್‌ನವರೇ ಕೊಡುವ ಬ್ಲೂಮ್ ಫಿಲ್ಟರ್ ಅನ್ನು, ಅಂದರೆ ಒಂದು ಹ್ಯಾಶ್ ಸಂಗ್ರಹದಲ್ಲಿದೆಯೇ ಎಂದಷ್ಟೇ ಹೇಳುವ ಅಡಕವಾದ ಫೈಲನ್ನು, ಇಳಿಸಿಕೊಂಡಿದ್ದೇನೆ. ಅದು ‘ಇಲ್ಲ’ ಎಂದರೆ ಇಲ್ಲವೇ ಇಲ್ಲ, ‘ಇದೆ’ ಎಂದದ್ದು ಅಪರೂಪಕ್ಕೆ ತಪ್ಪಿರಬಹುದು. ಪ್ಯಾಕೇಜಿನ ಹೆಸರು ಮಾತ್ರ ಅದರಲ್ಲಿ ಸಿಗದು.

ಕೊರತೆಯೆಂದರೆ, ನಮ್ಮೂರಿನ ಚಿಕ್ಕ ಕಂಪನಿಗಳು ಬರೆದುಕೊಟ್ಟ ಬಿಲ್ಲಿಂಗ್ ತಂತ್ರಾಂಶಗಳು ಇಲ್ಲಿ ಸಿಕ್ಕಿದ್ದೇ ಇಲ್ಲ. ಆದ್ದರಿಂದ ಹೊಸ ಸರ್ವರ್ ಒಪ್ಪಿಸುವ ದಿನವೇ ಅಂಥ ಫೈಲ್‌ಗಳ ಎಸ್‌ಎಚ್‌ಎ-256 ಪಟ್ಟಿ ಮಾಡಿ, ಒಂದು ಪ್ರತಿಯನ್ನು ಮಾಲೀಕರ ಕೈಗೇ ಕೊಡುತ್ತೇನೆ. ಸರ್ವರ್‌ನಲ್ಲಿ ಮಾತ್ರ ಆ ಪಟ್ಟಿಯನ್ನು ಇಡುವುದಿಲ್ಲ.