ಹ್ಯಾನಾ ಸ್ವೆನ್ಸನ್ ಸರಣಿ: ಕೊಲೆಗಳೆಲ್ಲ ಸರಿ, ಆ ಮದುವೆಯೊಂದು ಬಿಟ್ಟು

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಒಂದೆರಡು ಗುಟ್ಟು ರಟ್ಟಾಗುತ್ತೆ. ಕೊಲೆಗಾರರ ಹೆಸರಲ್ಲ. ಅದಕ್ಕಿಂತ ಮುಖ್ಯವಾದದ್ದು, ಹ್ಯಾನಾ ಕೊನೆಗೆ ಯಾರಿಗೆ ಕೊರಳು ಕೊಡ್ತಾಳೆ ಅನ್ನೋದು.

ಜೋಆನ್ ಫ್ಲೂಕ್ ಬರೆಯೋ ಈ ಪತ್ತೇದಾರಿ ಕಾದಂಬರಿ ಸರಣಿ 2000ದಲ್ಲಿ ‘ಚಾಕೊಲೇಟ್ ಚಿಪ್ ಕುಕಿ ಮರ್ಡರ್’ನಿಂದ ಶುರುವಾಯ್ತು. ಅಮೆರಿಕದ ಮಿನಸೋಟಾದಲ್ಲಿ ಲೇಕ್ ಈಡನ್ ಅನ್ನೋ ಕಲ್ಪನೆಯ ಸಣ್ಣೂರು, ಅಲ್ಲಿ ‘ಕುಕಿ ಜಾರ್’ ಅಂಗಡಿ ನಡೆಸೋ ಹ್ಯಾನಾ. ಪುಸ್ತಕಕ್ಕೊಂದು ತಿಂಡಿ, ಕನಿಷ್ಠ ಒಂದು ಹೆಣ. ಮೊದಲನೆಯದರಲ್ಲಿ ಹಾಲು ಹಾಕೋ ಹುಡುಗ ಅಂಗಡಿ ಹಿಂದೆ ತನ್ನ ಗಾಡಿಯಲ್ಲೇ ಸತ್ತಿರ್ತಾನೆ, ಪಕ್ಕದಲ್ಲಿ ಇವಳೇ ಮಾಡಿದ ಕುಕಿ. ಮಿಕ್ಕಿದ್ದು ಪುಸ್ತಕದ ಬೆನ್ನ ಮೇಲೇ ಇದೆ.

ಕೊಲೆಗಾರ ಯಾರು ಅನ್ನೋ ಕುತೂಹಲಕ್ಕೆ ಇದನ್ನ ಹಿಡೀಬೇಡಿ. ಹ್ಯಾನಾ ಒಂದು ಶಾರ್ಟ್‌ಹ್ಯಾಂಡ್ ನೋಟ್‌ಬುಕ್‌ನಲ್ಲಿ ಅನುಮಾನ ಇರೋರ ಹೆಸರು ಬರೀತಾಳೆ, ಒಬ್ಬೊಬ್ಬರ ಮೇಲೂ ಗೀಟು ಎಳೀತಾ ಹೋಗ್ತಾಳೆ. ಪಟ್ಟಿ ಮುಗಿಯೋ ಹೊತ್ತಿಗೆ ಕೊಲೆಗಾರ ತಾನಾಗೇ ಎದುರಿಗೆ ಬಂದು ನಿಂತಿರ್ತಾನೆ. ಪತ್ತೇದಾರಿಕೆ ಅಂದ್ರೆ ಇಷ್ಟೇ.

ನನ್ನನ್ನ ಹಿಡಿದಿಟ್ಟಿದ್ದು ಆ ಊರಿನ ಬೆಳಗಿನ ಜಾವ. ಇನ್ನೂ ಕತ್ತಲಿರುವಾಗಲೇ ಅಲಾರಂ, ಖಾಲಿ ಬಟ್ಟಲ ಮುಂದೆ ಕೂತು ರಾಗ ಎಳೆಯೋ ಮೊಯ್ಶೆ ಅನ್ನೋ ದಡೂತಿ ಬೆಕ್ಕು, ಕಣ್ಣು ಬಿಡಿಸೋಕೆ ಕಡು ಕಾಫಿ. ಆ ಕಾಫಿಗೆ ಅವರ ಮನೇಲಿ ‘ಸ್ವೀಡಿಶ್ ಪ್ಲಾಸ್ಮಾ’ ಅಂತ ಹೆಸರು. ಆಮೇಲೆ ಕೆಳಗಿಳಿದು ಗಾಡಿಯ ಪ್ಲಗ್ ಕಿತ್ತು ಹೊರಡಬೇಕು. ಹೌದು, ಪೆಟ್ರೋಲ್ ಗಾಡಿಗೇ ಪ್ಲಗ್! ಮಿನಸೋಟಾದ ಚಳಿಗೆ ಇಂಜಿನ್ ಬೆಚ್ಚಗಿರಲಿ ಅಂತ ರಾತ್ರಿ ಹೀಟರ್‌ಗೆ ಕರೆಂಟ್ ಕೊಟ್ಟು ಮಲಗ್ತಾರೆ, ಇಲ್ಲಾಂದ್ರೆ ಬೆಳಿಗ್ಗೆ ಸ್ಟಾರ್ಟ್ ಆಗೋ ಗ್ಯಾರಂಟಿ ಇಲ್ಲ. ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಕೆಳಗೆ ಮಲಗಿ ಆ ಹಿಮ, ಆ ಪ್ಲಗ್ ಓದೋ ಸುಖವೇ ಬೇರೆ. ಇನ್ನು ಅವಳಮ್ಮ ಡೆಲೋರಿಸ್. ಮಗಳಿಗೆ ಇನ್ನೂ ಮದುವೆಯಾಗಿಲ್ಲ ಅಂತ ಊರಲ್ಲಿರೋ ಗಂಡುಗಳನ್ನೆಲ್ಲ ಜರಡಿ ಹಿಡಿಯೋ ಹೆಂಗಸು, ನಮ್ಮ ಕಡೆ ಹುಟ್ಟಬೇಕಿತ್ತು. ಆಕೆ ಮನೆಗೆ ಕಾಲಿಟ್ಟರೆ ಸಾಕು, ಮೊಯ್ಶೆ ಕಾಲಿನ ಸ್ಟಾಕಿಂಗ್ಸ್ ಪರಪರ ಹರಿದುಹಾಕುತ್ತೆ. ಆ ಬೆಕ್ಕಿಗೆ ದೊಡ್ಡ ನಮಸ್ಕಾರ.

ರೆಸಿಪಿಗಳು ಅಧ್ಯಾಯಗಳ ನಡುವೆಯೇ ಬರ್ತವೆ. ಮೊದಲಿಗೆ ಹಾರಿಸಿ ಓದ್ತಿದ್ದೆ. ಒಂದು ದಿನ ಮೊದಲ ಪುಸ್ತಕದ ‘ಚಾಕೊಲೇಟ್ ಚಿಪ್ ಕ್ರಂಚಸ್’ ಮಾಡಿ ನೋಡಿದೆ, ಆಮೇಲೆ ಹಾರಿಸೋಕೆ ಮನಸ್ಸು ಬರಲಿಲ್ಲ. ಅದರ ಮಜಾ ಇರೋದು ಕಾರ್ನ್ ಫ್ಲೇಕ್ಸ್‌ನಲ್ಲಿ. ಮಿಕ್ಸಿಗೆ ಹಾಕಬಾರದು, ಕೈಯಲ್ಲೇ ಹಿಸುಕಿ ನುರಿಯಬೇಕು. ಪುಡಿಯೂ ಇರಬೇಕು, ಚೂರೂ ಇರಬೇಕು. ಅಲ್ಲಿನ ಎರಡು ಸ್ಟಿಕ್ ಬೆಣ್ಣೆ ಅಂದ್ರೆ ಸುಮಾರು 227 ಗ್ರಾಂ. ಇವತ್ತಿನ ಬೆಣ್ಣೆ ರೇಟಿಗೆ ನಾನು ಅರ್ಧ ಅಳತೆಯೇ ಮಾಡೋದು, 100 ಗ್ರಾಂ ಪ್ಯಾಕೆಟ್ ಒಂದು, ಮೇಲೊಂದು ಚೂರು. ಬೆಣ್ಣೆಯಲ್ಲೇ ಉಪ್ಪಿದ್ದರೆ ಬೇರೆ ಉಪ್ಪು ಚಿಟಿಕೆ ಸಾಕು. ಬ್ರೌನ್ ಶುಗರ್ ಬದಲು ಬೆಲ್ಲದ ಪುಡಿ ಹಾಕ್ತೀನಿ. 375 ಫ್ಯಾರನ್‌ಹೀಟ್ ಅಂದ್ರೆ ನಮ್ಮ ಓಟಿಜಿ ಓವನ್‌ನಲ್ಲಿ 190 ಸೆಲ್ಸಿಯಸ್. ಅಂಚು ಕೆಂಪಗಾಗಿ ನಡು ಇನ್ನೂ ಮೆತ್ತಗಿರುವಾಗಲೇ ಟ್ರೇ ಆಚೆ ತೆಗೀಬೇಕು.

ನಮ್ಮ ಅತ್ತೆ ಮೊಟ್ಟೆ ಹಾಕಿದ್ದು ಮುಟ್ಟಲ್ಲ. ಅವರಿಗೆ ಬೇಕಿರೋದು ಕಥೆ. ಚಳಿಗಾಲದಲ್ಲಿ ಅವರೆಕಾಳು ಹಿದುಕ್ತಾ ಕೂತಾಗ ನಾನು ಹಿಂದಿನ ರಾತ್ರಿ ಓದಿದ್ದನ್ನ ಹೇಳ್ಬೇಕು. ಸತ್ತವರ ಬಗ್ಗೆ ಅವರಿಗೆ ಎಳ್ಳಷ್ಟೂ ಆಸಕ್ತಿ ಇಲ್ಲ. ಕೇಳೋದು ಒಂದೇ: “ಹಲ್ಲಿನ ಡಾಕ್ಟರಾ, ಪೊಲೀಸಿನವನಾ?”

ನನ್ನ ತಕರಾರು ಶುರುವಾಗೋದೂ ಅಲ್ಲೇ. ದಂತವೈದ್ಯ ನಾರ್ಮನ್ ಸಂಭಾವಿತ, ಹ್ಯಾನಾ ಜೊತೆ ಕೂತು ನಕ್ಷೆ ಹಾಕಿದ ಕನಸಿನ ಮನೆಯನ್ನ ನಿಜವಾಗಿಯೂ ಕಟ್ಟಿಸಿದವನು. ಪೊಲೀಸ್ ಮೈಕ್ ನೋಡೋಕೆ ಸೊಗಸುಗಾರ, ಆದರೆ ಅವನ ಕಣ್ಣು ನಾಲ್ಕೂ ದಿಕ್ಕಿಗೆ. ಇಬ್ಬರೂ ಮದುವೆಯಾಗು ಅಂತ ಕೇಳಿಯಾಯ್ತು. 2006ರ ‘ಚೆರ್ರಿ ಚೀಸ್‌ಕೇಕ್ ಮರ್ಡರ್’ ಹೊತ್ತಿಗೆ ಇಬ್ಬರಿಗೂ ಒಲ್ಲೆ ಅಂದಾಯ್ತು. ಅಲ್ಲಿಗಾದರೂ ಮುಗೀತಾ? ಇಲ್ಲ. ಹತ್ತು ವರ್ಷ ಅದೇ ಹಗ್ಗಜಗ್ಗಾಟ. ಇವತ್ತು ಇವನ ಜೊತೆ ಊಟ, ನಾಳೆ ಅವನ ಜೊತೆ, ಕೆಲವು ಸಲ ಮೂವರೂ ಒಂದೇ ಮೇಜಿಗೆ. ತಾಳ್ಮೆಗೂ ಮಿತಿ ಇದೆ.

2016ರಲ್ಲಿ ‘ವೆಡ್ಡಿಂಗ್ ಕೇಕ್ ಮರ್ಡರ್’ ಬಂತು. ಮದುವೆ ಆಯ್ತು. ನಾರ್ಮನ್ ಜೊತೆಗೂ ಅಲ್ಲ, ಮೈಕ್ ಜೊತೆಗೂ ಅಲ್ಲ! ರಾಸ್ ಅನ್ನೋ ಹಳೇ ಕಾಲೇಜು ಗೆಳೆಯ, ಮಧ್ಯದಲ್ಲೊಮ್ಮೆ ಸಿನಿಮಾ ಶೂಟಿಂಗ್‌ಗೆ ಅಂತ ಬಂದುಹೋಗಿದ್ದವನು. ಮುಂದಿನ ಪುಸ್ತಕಗಳಲ್ಲಿ ಅವನು ನಾಪತ್ತೆ, ಕೊನೆಗೆ ನೋಡಿದರೆ ಅವನಿಗೆ ಮೊದಲೇ ಮದುವೆಯಾಗಿತ್ತು. ಅತ್ತೆಗೆ ಹೇಳಿದೆ. ಕೈಲಿದ್ದ ಕಾಳು ತಟ್ಟೆಗೆ ಹಾಕಿ, “ಮನೆ ಕಟ್ಟಿಸಿದವನನ್ನ ಬಿಟ್ಟು ಇವನನ್ನ ಕಟ್ಕೊಂಡ್ಲಾ? ಅನುಭವಿಸ್ಲಿ ಬಿಡು” ಅಂದ್ರು. ಅವತ್ತಿಗೆ ಅವರ ಮಟ್ಟಿಗೆ ಸರಣಿ ಮುಕ್ತಾಯ. ನಾನು ಹಟಕ್ಕೆ ಬಿದ್ದು ಮುಂದಕ್ಕೂ ಓದಿದೆ. ಆದರೆ ಆ ಮೋಸದ ಮದುವೆಯ ಹೊಗೆ ಊರಿಗೆಲ್ಲ ಹಬ್ಬಿಬಿಟ್ಟಿದೆ. ಕೊಲೆ ನಡೆದೂ ನೆಮ್ಮದಿಯಾಗಿದ್ದ ಲೇಕ್ ಈಡನ್ ಕೈಗೆ ಸಿಗಲ್ಲ. ಬರುಬರ್ತಾ ತಿನ್ನೋ ಮಾತು ಜಾಸ್ತಿ, ತನಿಖೆ ಕಮ್ಮಿ. ಪ್ರತಿ ಅಧ್ಯಾಯದಲ್ಲೂ ಯಾರೋ ಒಬ್ಬರು ಒಂದು ತುಂಡು ಬಾಯಿಗಿಟ್ಟು ಅದ್ಭುತ ಅಂತಾರೆ.

ಒಂದೇ ಒಂದು ಓದಿ ನೋಡ್ತೀನಿ ಅನ್ನೋರು 2002ರ ‘ಬ್ಲೂಬೆರಿ ಮಫಿನ್ ಮರ್ಡರ್’ ತಗೊಳ್ಳಿ. ಕೊರೆಯೋ ಚಳಿಯಲ್ಲಿ ಊರ ಜಾತ್ರೆ, ಹ್ಯಾನಾಳ ಅಂಗಡಿಯ ಉಗ್ರಾಣದಲ್ಲೇ ಹೆಣ, ಬೇಕಾದ್ದೆಲ್ಲ ಅದರಲ್ಲಿದೆ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಕಾಗದದ್ದೇ ಕೊಳ್ಳಿ. ಕಿಂಡಲ್‌ನಲ್ಲಿ ಮೈದಾ ಮೆತ್ತಿದ ಬೆರಳಲ್ಲಿ ರೆಸಿಪಿ ಹುಡುಕೋ ಪಾಡು ಬೇಡ. 2006ರ ತನಕದ ಎಂಟು ಪುಸ್ತಕಕ್ಕೆ ನನ್ನ ಕಡೆಯಿಂದ ನಾಲ್ಕೂವರೆ ಸ್ಟಾರ್, ಮದುವೆಯಿಂದೀಚೆಗಿನವಕ್ಕೆ ಎರಡು. ಅದೂ ರೆಸಿಪಿಗೆ.